6ರಿಂದ 8ನೇ ತರಗತಿ: ಟಿವಿ ಹಾಕಿ ಕೂರಿಸೋದು ಬಿಟ್ಟು ಡಿಜಿಟಲ್ ಕಲಿಕೆ ಮಾಡಿಸಿದವರು ಯಾರಿದ್ದೀರಿ?

ಬಯಲುಸೀಮೆ ಮೇಡಂ:
ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಜಿಪಿಟಿ ಶಿಕ್ಷಕಿ. (ಚಾಟ್ ಮಾಡುವ ಜಿಪಿಟಿ ಅಲ್ಲ, ಪದವೀಧರ ಪ್ರಾಥಮಿಕ.) ಏಳನೇ ತರಗತಿಯಲ್ಲಿ 32 ಮಕ್ಕಳಿದ್ದಾರೆ. ಒಂದು ಸ್ಮಾರ್ಟ್ ಟಿವಿ, ದಾನಿಗಳು ಕೊಟ್ಟ ಐದು ಟ್ಯಾಬ್, ಒಂದು ಹಳೇ ಲ್ಯಾಪ್‌ಟಾಪ್ ಇದೆ. ಇಂಟರ್ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್.

ಟಿವಿಯಲ್ಲಿ ದೀಕ್ಷಾ (ಸರ್ಕಾರದ ಕಲಿಕಾ ಆ್ಯಪ್) ವಿಡಿಯೊ ಹಾಕಿದರೆ ತರಗತಿ ತಣ್ಣಗಿರುತ್ತೆ. ಆಮೇಲೆ ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಇದೇ ಮಕ್ಕಳು ರೀಲ್ಸ್‌ಗೆ ಹಾಡು ಸೇರಿಸಿ, ಕತ್ತರಿಸಿ, ಮೇಲೆ ಅಕ್ಷರ ಕೂರಿಸಿ ಕ್ಷಣದಲ್ಲಿ ಮುಗಿಸುತ್ತಾರೆ. ಆದರೆ ಟ್ಯಾಬ್‌ನಲ್ಲಿ ತಾವೇ ತೆಗೆದ ಫೋಟೊ ಎಲ್ಲಿ ಉಳಿದಿದೆ ಅಂತ ಗೊತ್ತಿರಲ್ಲ. 'ದ್ಯುತಿಸಂಶ್ಲೇಷಣೆ' ಹುಡುಕಿ ಅಂದರೆ ಮೊದಲು ಕಂಡ ವಿಡಿಯೊ ಒತ್ತುತ್ತಾರೆ, ಮುಗೀತು.

ತರಬೇತಿಗಳಲ್ಲಿ 'ಬ್ಲೆಂಡೆಡ್ ಲರ್ನಿಂಗ್' ಅಂತ ಕೇಳಿದ್ದೇನೆ. ಸ್ವಲ್ಪ ತೆರೆಯ ಮೇಲೆ, ಸ್ವಲ್ಪ ತರಗತಿಯಲ್ಲಿ, ಎರಡೂ ಸೇರಿ ಒಂದು ಪಾಠ. ಕೇಳೋಕೆ ಚೆನ್ನಾಗಿದೆ. ಆದರೆ 40 ನಿಮಿಷದ ಪೀರಿಯಡ್, ಐದು ಟ್ಯಾಬ್, 32 ಮಕ್ಕಳು. ಹೇಗೆ ಹೊಂದಿಸೋದು? ಮಾಡಿ ನೋಡಿದವರು ದಯವಿಟ್ಟು ಹೇಳಿ. 'ಮೊದಲು ಲ್ಯಾಬ್ ಬೇಕು' ಅನ್ನುವ ಉತ್ತರ ಬೇಡ. ಅದು ನನಗೂ ಗೊತ್ತು.

ಸೀಮೆಸುಣ್ಣ:
ಮೇಡಂ, ನಿಮ್ಮ ಶಾಲೆಯಲ್ಲೇ ಒಂದರಿಂದ ಮೂರನೇ ತರಗತಿಯವರು ಚಟುವಟಿಕೆಯಿಂದ ಕಲಿಯುವ ನಲಿಕಲಿ ಕೋಣೆ ಇರುತ್ತಲ್ವಾ? ಒಂದು ದಿನ ಬಾಗಿಲಲ್ಲಿ ನಿಂತು ನೋಡಿ. ಒಂದು ಗುಂಪು ಮೇಡಂ ಜೊತೆ, ಇನ್ನೊಂದು ತಾವೇ ಕಾರ್ಡ್ ಹಿಡಿದು, ಮತ್ತೊಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಾ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ಬೆಂಬಲದಿಂದ ಶುರುವಾದದ್ದು. ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ ನೋಡಿಕೊಂಡು ಬಂದು ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಟ್ಟಿದರು. ಅಮೆರಿಕದ ಬ್ಲೆಂಡೆಡ್ ಲರ್ನಿಂಗ್ ಪುಸ್ತಕಗಳಲ್ಲಿ 'ಸ್ಟೇಷನ್ ರೊಟೇಶನ್' ಅಂತ ಒಂದು ಮಾದರಿ ಬರುತ್ತೆ. ಗುಂಪುಗಳು ಸರದಿಯಲ್ಲಿ ಜಾಗ ಬದಲಿಸುತ್ತವೆ, ಒಂದು ಜಾಗದಲ್ಲಿ ಮಾತ್ರ ಕಂಪ್ಯೂಟರ್ ಇರುತ್ತೆ. ಅದು ನಲಿಕಲಿಗೆ ತೀರಾ ಹತ್ತಿರದ್ದು. ನಾವು ಮೂರನೇ ತರಗತಿಗೆ ಅದನ್ನು ನಿಲ್ಲಿಸಿ, ನಾಲ್ಕರಿಂದ ಎಲ್ಲರನ್ನೂ ಸಾಲಾಗಿ ಬೋರ್ಡ್ ಕಡೆ ತಿರುಗಿಸಿಬಿಡುತ್ತೇವೆ.

ನಿಮ್ಮ ಲೆಕ್ಕ ಹೀಗೆ. ಎಂಟೆಂಟು ಮಕ್ಕಳ ನಾಲ್ಕು ಗುಂಪು. ಒಂದು ಗುಂಪಿಗೆ ನಾಲ್ಕು ಟ್ಯಾಬ್, ಇಬ್ಬರಿಗೊಂದು. ಐದನೆಯದು ಚಾರ್ಜಿಗೆ. ಇಬ್ಬರಿಗೊಂದು ಇದ್ದರೆ ಮಾತಾಡಿಕೊಂಡು ಮಾಡುತ್ತಾರೆ. ಒಬ್ಬೊಬ್ಬರಿಗೆ ಕೊಟ್ಟರೆ ಅದೂ ಟಿವಿಯೇ, ಸ್ವಲ್ಪ ಚಿಕ್ಕ ಟಿವಿ. ಒಂದು ಪೀರಿಯಡ್‌ನಲ್ಲಿ ಎರಡು ಸರದಿ ಸಾಕು, ಉಳಿದದ್ದು ಮಾರನೇ ದಿನ. ನಾಲ್ಕನ್ನೂ ಒಂದೇ ದಿನ ತುರುಕಬೇಡಿ.

ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ. ಟ್ಯಾಬ್ ಗುಂಪು ಏನಾದರೂ ಬರೆದುಕೊಂಡೇ ಏಳಬೇಕು, ಆ ಬರಹ ಇಲ್ಲದೆ ಮುಂದಿನ ಗುಂಪಿಗೆ ಕೆಲಸ ಸಾಗಬಾರದು. ಆಗ ಯಾರೂ ಸುಮ್ನೆ ನೋಡುತ್ತಾ ಕೂರಲ್ಲ.

ಏಳನೇ ಕ್ಲಾಸಿನ ಅಪ್ಪ:
ನಾನು ಶಿಕ್ಷಕ ಅಲ್ಲ, ಹಾಗಾಗಿ ತಪ್ಪು ತಿಳಿಯಬೇಡಿ. ಕೊರೊನಾ ಕಾಲದಲ್ಲಿ 'ಪಾಠಕ್ಕೆ ಫೋನ್ ಬೇಕು' ಅಂತ ಸಾಲ ಮಾಡಿ ಫೋನ್ ತಂದೆವು. ಪಾಠ ಶಾಲೆಗೆ ವಾಪಸ್ ಹೋಯಿತು, ಫೋನ್ ಮಕ್ಕಳ ಕೈಯಲ್ಲೇ ಉಳಿಯಿತು. ಈಗ ಮತ್ತೆ ಶಾಲೆಯವರು 'ಮನೆಯಲ್ಲಿ ವಿಡಿಯೊ ನೋಡಿ ಬನ್ನಿ' ಅಂದರೆ ನಮಗೆ ಬೇಡ ಅನ್ನೋಕೂ ಆಗಲ್ಲ. ವಿಡಿಯೊ ಐದು ನಿಮಿಷ, ಗೇಮ್ ಎರಡು ಗಂಟೆ. ಇದಕ್ಕೆ ನಿಮ್ಮ ಬ್ಲೆಂಡೆಡ್‌ನಲ್ಲಿ ಏನು ಉತ್ತರ?

ಅಂಕಿಸಂಖ್ಯೆ:
ಅಪ್ಪ ಅವರ ಮಾತಿಗೆ 2024ರ ಅಸರ್ ಅನ್ನುವ ಶಿಕ್ಷಣ ಸಮೀಕ್ಷೆಯ ವರದಿ ಸಾಕ್ಷಿ ಹೇಳುತ್ತೆ. ಹಳ್ಳಿಗಳಲ್ಲಿ ಮಾಡಿದ ಸಮೀಕ್ಷೆ, 14ರಿಂದ 16 ವಯಸ್ಸಿನವರದ್ದು, ಇಡೀ ದೇಶದ ಲೆಕ್ಕ. ಹತ್ತಿರಹತ್ತಿರ 90% ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. 82% ಮಕ್ಕಳಿಗೆ ಅದನ್ನು ಬಳಸೋಕೆ ಬರುತ್ತೆ. ಹಾಗೆ ಬಳಸೋಕೆ ಬರುವವರಲ್ಲಿ ಹಿಂದಿನ ವಾರ ಓದಿಗೆ ಬಳಸಿದೆವು ಅಂದವರು 57%, ಸೋಶಿಯಲ್ ಮೀಡಿಯಾಗೆ ಬಳಸಿದೆವು ಅಂದವರು 76%.

ನನಗೆ ಮುಖ್ಯ ಅನ್ನಿಸಿದ್ದು ಅದರ ಮುಂದಿನ ಸಾಲು. ಸೋಶಿಯಲ್ ಮೀಡಿಯಾ ಬಳಸುವ ಈ ಮಕ್ಕಳಲ್ಲಿ ಒಬ್ಬರನ್ನು ಬ್ಲಾಕ್ ಮಾಡೋದು, ದೂರು ಕೊಡೋದು ಗೊತ್ತಿದ್ದವರು 62%. ಪ್ರೊಫೈಲನ್ನು ಬೇರೆಯವರಿಗೆ ಕಾಣದ ಹಾಗೆ ಮಾಡೋದು ಗೊತ್ತಿದ್ದವರು 55%. ಅಂದರೆ ಶಾಲೆ ಫೋನ್ ತಂದು ಕೊಡಬೇಕಾಗಿಲ್ಲ, ಅದು ಆಗಲೇ ಮನೆಗೆ ಬಂದಾಗಿದೆ. ಅದನ್ನು ಹಿಡಿಯೋದು ಹೇಗೆ ಅಂತ ಹೇಳಿಕೊಡೋರು ಬಂದಿಲ್ಲ. 14ಕ್ಕೆ ಹೀಗಿದೆ ಅಂದರೆ ಹೇಳಿಕೊಡಬೇಕಾದ ಕಾಲ 11, 12, 13. ಮೇಡಂ ಹೇಳುತ್ತಿರುವ ತರಗತಿಗಳೇ.

ಬಯಲುಸೀಮೆ ಮೇಡಂ:
ಅಪ್ಪ ಅವರು ಹೇಳಿದ್ದು ಒಪ್ಪುತ್ತೇನೆ. ನಾನು ಮನೆಗೆ ವಿಡಿಯೊ ಕಳಿಸಲ್ಲ. ಮನೆಯಲ್ಲಿ ವಿಡಿಯೊ, ತರಗತಿಯಲ್ಲಿ ಲೆಕ್ಕ ಅನ್ನುವ 'ಫ್ಲಿಪ್ಡ್' ಪದ್ಧತಿ ಇದೆಯಲ್ಲ, ಅದನ್ನು 2007ರ ಸುಮಾರಿಗೆ ಕೊಲರಾಡೊದ ಇಬ್ಬರು ರಸಾಯನಶಾಸ್ತ್ರ ಮೇಷ್ಟ್ರು ಹೈಸ್ಕೂಲಿನಲ್ಲಿ ಬಳಸಿ ಜನಪ್ರಿಯ ಮಾಡಿದ್ದು. ನನ್ನ ತರಗತಿಯಲ್ಲಿ ಎಷ್ಟೋ ಮನೆಗಳಲ್ಲಿ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತೆ. ಹಾಗಾಗಿ ತೆರೆಯ ಕೆಲಸ ಎಲ್ಲ ಶಾಲೆಯಲ್ಲೇ. ಮನೆಗೆ ಹೋಗುವ ಕೆಲಸ ಕೈ, ಬಾಯಿ, ಕಣ್ಣಿನದು. ಅಜ್ಜಿಯನ್ನು ಕೇಳಿ, ಅಳೆದು ನೋಡಿ, ಬರೆದುಕೊಂಡು ಬನ್ನಿ, ಹೀಗೆ. ಅದನ್ನು ಮಾರನೇ ದಿನ ಟ್ಯಾಬ್‌ನಲ್ಲಿ ಸೇರಿಸೋದು.

ಮಲೆನಾಡಿನ ಮೇಷ್ಟ್ರು:
ನಮ್ಮಲ್ಲಿ ಹಾಟ್‌ಸ್ಪಾಟ್ ಕೂಡ ಇಲ್ಲ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟೂ ಇಲ್ಲ. ಆದರೂ ಒಂದಿಷ್ಟು ಆಗುತ್ತೆ, ಕೇಳಿ.

ಕಿವಿಕ್ಸ್ ಅಂತ ಒಂದು ಆ್ಯಪ್ ಇದೆ. ವಿಕಿಪೀಡಿಯವನ್ನೇ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆ ಓದಬಹುದು. ಕನ್ನಡದ್ದೂ ಸಿಗುತ್ತೆ. ತಾಲ್ಲೂಕು ಕೇಂದ್ರಕ್ಕೆ ಹೋದಾಗ ಒಮ್ಮೆ ಇಳಿಸಿ ಎಲ್ಲ ಟ್ಯಾಬ್‌ಗೆ ಹಾಕಿದರೆ ಆಯಿತು. ದೀಕ್ಷಾ ಪಾಠಗಳನ್ನೂ ಆ್ಯಪ್‌ನಲ್ಲೇ ಮೊದಲೇ ಇಳಿಸಿಟ್ಟುಕೊಳ್ಳಬಹುದು.

ವಿಜ್ಞಾನಕ್ಕೆ ಫೆಟ್, ತೆರೆಯ ಮೇಲೆ ಪ್ರಯೋಗ ಮಾಡಿ ನೋಡುವ ತಂತ್ರಾಂಶ. ಕೊಲರಾಡೊ ವಿಶ್ವವಿದ್ಯಾಲಯದ್ದು, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಎಷ್ಟೋ ಪ್ರಯೋಗಗಳು ಕನ್ನಡದಲ್ಲೂ ಇವೆ. ಒಂದೊಂದೂ ಒಂದೇ ಫೈಲ್. ಪೆನ್‌ಡ್ರೈವ್‌ನಲ್ಲಿ ತಂದು ಬ್ರೌಸರ್‌ನಲ್ಲಿ ತೆರೆದರೆ ಓಡುತ್ತೆ. ಲಾಗಿನ್ ಕೇಳಲ್ಲ, ಜಾಹೀರಾತು ಬರಲ್ಲ.

ವಿದ್ಯುತ್ ಮಂಡಲದ ಪಾಠ ನಾನು ಹೀಗೆ ಮಾಡಿಸುತ್ತೇನೆ. ಮೊದಲು ನಿಜವಾದ ಶೆಲ್ಲು, ಟಾರ್ಚ್ ಬಲ್ಬು, ವೈರು. ಬಲ್ಬ್ ಉರಿಸಲಿ, ಉರಿಯದೆ ಒದ್ದಾಡಲಿ. ಆಮೇಲೆ ಟ್ಯಾಬ್‌ನಲ್ಲಿ ಅದೇ ಮಂಡಲ ಕಟ್ಟಲಿ. ಸ್ಕ್ರೀನ್‌ಶಾಟ್ ತೆಗೆದು, ಫೈಲಿಗೆ ತಮ್ಮ ಹೆಸರು, ತಾರೀಖು ಕೊಟ್ಟು, ತರಗತಿಯ ಫೋಲ್ಡರಿಗೆ ಹಾಕಲಿ. ನೀವು ಹೇಳಿದ 'ಫೋಟೊ ಎಲ್ಲಿ ಹೋಯಿತು' ಅನ್ನುವ ತೊಂದರೆಗೆ ಇದೇ ಮದ್ದು. ಫೋಲ್ಡರ್ ಅಂದರೇನು ಅಂತ ಪಾಠ ಮಾಡಿದರೆ ತಲೆಗೆ ಹೋಗಲ್ಲ. ತಮ್ಮ ಚಿತ್ರ ಕಳೆದುಹೋದಾಗ ಹೋಗುತ್ತೆ.

ಕೊನೆಗೆ ಒಂದು ಪ್ರಶ್ನೆ: ತೆರೆ ಮೇಲಿನ ಬಲ್ಬಿಗೂ ಮೇಜಿನ ಮೇಲಿನ ಬಲ್ಬಿಗೂ ಏನು ವ್ಯತ್ಯಾಸ? 'ಅಲ್ಲಿ ಶೆಲ್ಲು ಮುಗಿಯೋದೇ ಇಲ್ಲ ಸರ್' ಅಂದಳು ಒಬ್ಬ ಹುಡುಗಿ. ಕಂಪ್ಯೂಟರ್ ತೋರಿಸುವುದು ಯಾರೋ ಕಟ್ಟಿದ ಮಾದರಿ, ಅದರಲ್ಲಿ ಕೆಲವನ್ನು ಬಿಟ್ಟಿರುತ್ತಾರೆ ಅಂತ ನಾನು ಭಾಷಣ ಮಾಡುವ ಅಗತ್ಯವೇ ಬೀಳಲಿಲ್ಲ.

ಧಾರವಾಡದ ಅಕ್ಕೋರು:
ಮೇಷ್ಟ್ರೇ, ಬಹಳ ಚಲೋ ಆತು. ಒಂದು ಮಾತು ಸೇರಿಸುತ್ತೇನೆ. ಇಬ್ಬರಿಗೊಂದು ಟ್ಯಾಬ್ ಅಂತೀರಿ, ಕೈ ಯಾರದು? ನಮ್ಮ ಶಾಲೆಯಲ್ಲಿ ಹುಡುಗ, ಹುಡುಗಿ ಜೋಡಿ ಮಾಡಿದರೆ ಟ್ಯಾಬ್ ಹುಡುಗನ ತೊಡೆ ಮೇಲೆ, ನೋಟ್‌ಬುಕ್ ಹುಡುಗಿ ಕೈಯಾಗ. ಅಂದ ಅಕ್ಷರ ಇವಳದು, ಬರೀಲಿ ಅಂತ. ಮೇಲೆ ಹೇಳಿದ ಅಸರ್‌ನಲ್ಲೇ ಇದೂ ಇದೆ. ಫೋನ್ ಬಳಸೋಕೆ ಬರುತ್ತೆ ಅಂದ ಹುಡುಗರು 85.5%, ಹುಡುಗಿಯರು 79.4%. ಸ್ವಂತ ಫೋನ್ ಇರುವುದರಲ್ಲೂ ಹುಡುಗಿಯರೇ ಹಿಂದೆ. ಮನೆಯ ಈ ಅಂತರ ಶಾಲೆಯಲ್ಲಿ ಕಡಿಮೆ ಆಗಬೇಕು, ಜಾಸ್ತಿ ಅಲ್ಲ.

ನಾನು ಗಂಟೆ ಬಾರಿಸುತ್ತೇನೆ. ಗಂಟೆ ಆದರೆ ಕೈ ಬದಲಿ. ಟ್ಯಾಬ್ ಇಲ್ಲದವರು ಬಾಯಲ್ಲಿ ಹೇಳಬೇಕು, ಇದ್ದವರು ಹೇಳಿದಷ್ಟೇ ಮಾಡಬೇಕು. ಬೆರಳು ತಾನೇ ಮುಂದೆ ಓಡಿದರೆ ಸರದಿ ಹೋಯಿತು. ಬಹಳ ಗದ್ದಲ ಆಗತದ. ಆಗಲಿ.

ಕಾಸರಗೋಡಿನ ಕನ್ನಡ ಶಾಲೆ:
ಗಡಿಯಾಚೆಯಿಂದ ಒಂದು ಮಾತು. ನಾವು ಕನ್ನಡ ಮಾಧ್ಯಮವೇ, ಆದರೆ ಕೇರಳ ಪಠ್ಯ. ಇಲ್ಲಿ ಐಸಿಟಿಗೆ, ಅಂದರೆ ಕಂಪ್ಯೂಟರ್ ಮತ್ತು ಮಾಹಿತಿ ತಂತ್ರಜ್ಞಾನಕ್ಕೆ, ಬೇರೆ ಪಠ್ಯಪುಸ್ತಕ ಇದೆ, ಕನ್ನಡದಲ್ಲೂ ಬರುತ್ತೆ. ನೋಡಿಕೊಳ್ಳುವುದು ಕೈಟ್ ಅನ್ನುವ ಸರ್ಕಾರಿ ಸಂಸ್ಥೆ. ಅದರ ಮೂಲ 2001ರ ಐಟಿ@ಸ್ಕೂಲ್ ಯೋಜನೆ. ಕಂಪ್ಯೂಟರ್‌ಗಳಲ್ಲಿ ಉಬುಂಟು ಮೇಲೆ ಕಟ್ಟಿದ ಅವರದೇ ಸ್ವತಂತ್ರ ತಂತ್ರಾಂಶ. ಪರವಾನಗಿಗೆ ದುಡ್ಡು ಕೊಡುವ ಗೋಜಿಲ್ಲ.

ಸುಳ್ಳು ಸುದ್ದಿಯ ವಿಚಾರದಲ್ಲೂ ಇಲ್ಲಿ ಬೇಗ ಎಚ್ಚೆತ್ತರು. ಕಣ್ಣೂರು ಜಿಲ್ಲೆಯಲ್ಲಿ ಅಲ್ಲಿನ ಜಿಲ್ಲಾಧಿಕಾರಿ 'ಸತ್ಯಮೇವ ಜಯತೆ' ಅಂತ ಸರ್ಕಾರಿ ಶಾಲೆಗಳಲ್ಲಿ ಇದಕ್ಕೇ ತರಗತಿ ನಡೆಸಿದರು, 2018ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. 2024ರಲ್ಲಿ ಏಳನೇ ತರಗತಿಯ ಐಸಿಟಿ ಪುಸ್ತಕಕ್ಕೆ ಎಐ ಕೂಡ ಬಂತು. ಮುಖದ ಭಾವ ಗುರುತಿಸುವ ಒಂದು ಪ್ರೋಗ್ರಾಂ ಅನ್ನು ಮಕ್ಕಳೇ ತಯಾರಿಸುವ ಚಟುವಟಿಕೆ.

ಆದರೆ ನನ್ನ ಅಭಿಪ್ರಾಯ ಹೇಳಲಾ? ಬೇರೆ ಪುಸ್ತಕ, ಬೇರೆ ಪೀರಿಯಡ್ ಇದ್ದರೆ ಒಂದು ಲಾಭ, ಯಾರೂ ಅದನ್ನು ಬಿಡೋಕಾಗಲ್ಲ. ಒಂದು ನಷ್ಟವೂ ಇದೆ, ಸಮಾಜ ವಿಜ್ಞಾನದ ಮೇಷ್ಟ್ರು 'ಅದು ಐಸಿಟಿಯವರ ಕೆಲಸ' ಅಂತ ಕೈ ತೊಳೆದುಕೊಳ್ಳಬಹುದು. ಬೇರೆ ಪೀರಿಯಡ್ ಇಲ್ಲದಿರುವುದು ನಿಮಗೆ ಒಂಥರಾ ಅನುಕೂಲವೇ.

ಸೀಮೆಸುಣ್ಣ:
ಅನುಕೂಲ ಅನ್ನಬೇಡಿ ಸರ್! ಪೀರಿಯಡ್ ಇಲ್ಲದ್ದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಇರಲ್ಲ. ಜಾಗ ಇಲ್ಲದ್ದು ಎಫ್‌ಎ, ಎಸ್‌ಎ (ನಡುನಡುವಿನ ಮತ್ತು ಅವಧಿ ಕೊನೆಯ ಮೌಲ್ಯಮಾಪನ) ಹತ್ತಿರ ಬಂದಾಗ ಮೊದಲು ಹಾರಿಹೋಗುತ್ತೆ. ವಾರಕ್ಕೆ ಒಂದಾದರೂ ಬೇಕು.

ಸುದ್ದಿಮನೆ:
ನಾನು ಪತ್ರಿಕೆಯಲ್ಲಿ ಸುದ್ದಿ ಪರಿಶೀಲನೆ ಮಾಡುತ್ತಿದ್ದವನು, ಈಗ ಆಗಾಗ ಶಾಲೆಗಳಿಗೆ ಹೋಗುತ್ತೇನೆ. ಈ ವಯಸ್ಸಿನವರಿಗೆ ಕಲಿಸಬೇಕಾದ ಮೊದಲ ಸಂಗತಿ ಸುಳ್ಳು ಸುದ್ದಿ ಗುರುತಿಸುವುದೇ ಅಂತ ನನ್ನ ವಾದ. ಟೈಪಿಂಗ್, ಫೋಲ್ಡರ್ ಎಲ್ಲ ಆಮೇಲೆ.

ಇದು ನಮ್ಮ ರಾಜ್ಯದಲ್ಲಿ ಜೀವದ ಪ್ರಶ್ನೆಯಾಗಿದೆ. 2012ರ ಆಗಸ್ಟ್‌ನಲ್ಲಿ ಎಸ್ಎಂಎಸ್ ವದಂತಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಹೋದರು. 2018ರಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸಂದೇಶ ನಂಬಿದ ಗುಂಪು ಹೈದರಾಬಾದಿನ ಒಬ್ಬ ಎಂಜಿನಿಯರ್‌ನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. ಅನೇಕ ಮನೆಗಳಲ್ಲಿ ಅಜ್ಜ, ಅಜ್ಜಿಗೆ ಬಂದ ಸಂದೇಶ ಓದಿ ಹೇಳುವವರು ಆರು, ಏಳನೇ ತರಗತಿಯ ಮಕ್ಕಳೇ. ಆ ಮಗು 'ಇದು ಸುಳ್ಳಿರಬಹುದು ಅಜ್ಜಿ' ಅಂದರೆ ಅಲ್ಲಿಗೇ ನಿಲ್ಲುತ್ತೆ.

ಸ್ಟ್ಯಾನ್‌ಫರ್ಡ್‌ನವರು 2016ರಲ್ಲಿ ಅಮೆರಿಕದ ಮಕ್ಕಳನ್ನು ಪರೀಕ್ಷಿಸಿದರು. ಇದೇ ವಯಸ್ಸಿನವರಲ್ಲಿ 80ಕ್ಕೂ ಹೆಚ್ಚು ಶೇಕಡಾ ಮಕ್ಕಳು 'ಪ್ರಾಯೋಜಿತ' ಅಂತ ಬರೆದಿದ್ದ ಜಾಹೀರಾತನ್ನೇ ಸುದ್ದಿ ಅಂದುಕೊಂಡರು. ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ 1998ರಿಂದ ಒಂದು ತಮಾಷೆಯ ಜಾಲತಾಣ ಇದೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಏಳನೇ ತರಗತಿಯ ಮಕ್ಕಳಿಗೆ ತೋರಿಸಿದರೆ ಬಹುತೇಕರು ನಂಬಿಬಿಟ್ಟರು.

ಅನುಭವಸ್ಥ ಪರಿಶೀಲಕರು ಮಾಡುವುದು ಬೇರೆ. ಆ ಪುಟದಲ್ಲಿ ಕೆಳಗೆ ಇಳಿಯುತ್ತಾ ಹೋಗಲ್ಲ. ಅಲ್ಲೇ ನಿಲ್ಲಿಸಿ, ಪಕ್ಕದಲ್ಲಿ ಇನ್ನೊಂದು ಪುಟ ತೆರೆದು 'ಇದನ್ನು ಹೇಳುತ್ತಿರುವವರು ಯಾರು, ಬೇರೆಯವರು ಇದರ ಬಗ್ಗೆ ಏನನ್ನುತ್ತಾರೆ' ಅಂತ ಹುಡುಕುತ್ತಾರೆ. ನಾಲ್ಕು ಗುಂಪಿಗೆ ಇದು ಚೆನ್ನಾಗಿ ಹೊಂದುತ್ತೆ. ಒಂದು ಗುಂಪಿಗೆ ಫಾರ್ವರ್ಡ್ ಸಂದೇಶದ ಪ್ರಿಂಟ್ ಕೊಡಿ. ಯಾರು, ಯಾವಾಗ, ಎಲ್ಲಿ ಅನ್ನುವುದು ಇದೆಯಾ ಅಂತ ಗೆರೆ ಎಳೆಯಲಿ. ಟ್ಯಾಬ್ ಗುಂಪು ಅದರ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹಳೆಯ ಮೂಲ ಹುಡುಕಲಿ. ನಿಮ್ಮ ಜೊತೆ ಕೂತ ಗುಂಪು 'ಇದನ್ನು ಓದಿದಾಗ ಭಯ ಆಯಿತಾ, ಸಿಟ್ಟು ಬಂತಾ' ಅಂತ ಮಾತಾಡಲಿ. ಕೊನೇ ಗುಂಪು ಮನೆಯವರಿಗೆ ಎರಡು ಸಾಲಿನ ಉತ್ತರ ಬರೆಯಲಿ, ದೊಡ್ಡವರಿಗೆ ಬೇಸರ ಆಗದ ಹಾಗೆ. ಇದೇ ಎಲ್ಲಕ್ಕಿಂತ ಕಷ್ಟ!

ಕೀಲಿಮಣೆ:
'ಟೈಪಿಂಗ್ ಆಮೇಲೆ' ಅನ್ನುವುದನ್ನು ಒಪ್ಪಲ್ಲ ಸರ್. ಹುಡುಕಬೇಕಾದರೆ ಮೊದಲು ಬರೆಯೋಕೆ ಬರಬೇಕಲ್ವಾ? ಮಕ್ಕಳು ಮೈಕ್ ಒತ್ತಿ ಮಾತಾಡುತ್ತಾರೆ, ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. ಎಂಟು ಮಕ್ಕಳು ಒಟ್ಟಿಗೆ ಮೈಕ್ ಒತ್ತಿದರೆ ಆ ಕೋಣೆ ಸಂತೆ. ಹಳೇ ಲ್ಯಾಪ್‌ಟಾಪ್‌ಗೆ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಕೀಲಿಮಣೆ, ತರ್ಕ ಸುಲಭ. ಕ, ಆಮೇಲೆ ಎಫ್, ಆಮೇಲೆ ಷ ಒತ್ತಿದರೆ ಕ್ಷ. ಒತ್ತಕ್ಷರ ತಪ್ಪು ಬರೆಯುವ ಮಕ್ಕಳಿಗೆ ಅಕ್ಷರ ಬಿಡಿಸಿ ಕೂಡಿಸುವುದೂ ಇದರಲ್ಲೇ ಬರುತ್ತೆ. ಕನ್ನಡದ ಮೇಷ್ಟ್ರನ್ನೂ ಜೊತೆಗೆ ಸೇರಿಸಿಕೊಂಡ ಹಾಗಾಯಿತು.

ಮಲೆನಾಡಿನ ಮೇಷ್ಟ್ರು:
ಒಂದು ಕಡೆ ಮೈಕ್ ಬೇಕು. ನನ್ನ ಆರನೇ ತರಗತಿಯಲ್ಲಿ ಓದೋಕೇ ತಡವರಿಸುವವರು ಇದ್ದಾರೆ. ಅವರಿಗೆ ಟೈಪಿಂಗ್ ಅಂದರೆ ಮತ್ತೊಂದು ಗೋಡೆ. ಮಾತಾಡಿ ಹುಡುಕಲಿ, ಆದರೆ ತೆರೆ ಮೇಲೆ ಬಂದ ಅಕ್ಷರ ತಾವು ಹೇಳಿದ್ದೇನಾ ಅಂತ ಓದಿ ನೋಡಲಿ. ನಮ್ಮ ಕಡೆಯ ಮಾತನ್ನು ಅದು ಏನೇನೋ ಮಾಡಿಬಿಡುತ್ತೆ. ತಪ್ಪು ಹುಡುಕುವ ಆಸೆಗೇ ಮಕ್ಕಳು ಓದುತ್ತಾರೆ.

ಏಳನೇ ಕ್ಲಾಸಿನ ಅಪ್ಪ:
ವಾಟ್ಸಾಪ್‌ನಲ್ಲೇ ಈಗ ನೀಲಿ ಉಂಗುರ ಬಂದಿದೆ, ಎಐ ಅಂತೆ. ನನ್ನ ಮಗಳು ಪ್ರಬಂಧವನ್ನು ಅದರಲ್ಲೇ ಬರೆಸಿಕೊಂಡು ನೋಟ್‌ಬುಕ್ಕಿಗೆ ಇಳಿಸುತ್ತಿದ್ದಾಳೆ. ಶಾಲೆಯಲ್ಲಿ 'ಗುಡ್' ಬೀಳುತ್ತೆ. ಏನು ಮಾಡೋದು?

ಕಾಸರಗೋಡಿನ ಕನ್ನಡ ಶಾಲೆ:
ಅಪ್ಪ ಅವರೇ, ಮೇಡಂ, ಇಬ್ಬರಿಗೂ. ಮಕ್ಕಳಿಗೆ ಚೆನ್ನಾಗಿ ಗೊತ್ತಿರುವುದನ್ನೇ ಅದರ ಹತ್ತಿರ ಕೇಳಿಸಿ. ನಮ್ಮೂರಿನ ಜಾತ್ರೆ, ನಮ್ಮೂರಿನ ಕೆರೆ, ನಮ್ಮ ಶಾಲೆ. ಶಿಕ್ಷಕರ ಫೋನಿನಲ್ಲಿ ಕೇಳಿ ಉತ್ತರ ಬೋರ್ಡ್ ಮೇಲೆ ಬರೆಯಿರಿ. ಮಕ್ಕಳು ಕೆಂಪು ಪೆನ್ ಹಿಡಿದು ತಿದ್ದಲಿ. ದೇವರ ಹೆಸರು ತಪ್ಪಿ, ಕೆರೆ ಬೇರೆ ಊರಿಗೆ ಹೋಗಿದ್ದರೆ ಮುಗೀತು, ತರಗತಿ ಬಿದ್ದು ಬಿದ್ದು ನಗುತ್ತೆ. ಆಮೇಲೆ ಅಕ್ಬರನ ಬಗ್ಗೆ ಕೇಳಿದಾಗ ಬಂದ ಉತ್ತರವನ್ನೂ ಅನುಮಾನದಿಂದ ನೋಡುತ್ತಾರೆ.

ಕಾನೂನು ಓದಿದವಳು:
ಇಲ್ಲಿ ಯಾರೂ ಎತ್ತದ ವಿಚಾರ ಒಂದಿದೆ. 'ಶಿಕ್ಷಕರ ಫೋನಿನಲ್ಲಿ' ಅಂದದ್ದು ಒಳ್ಳೆಯದಾಯಿತು. ಮಕ್ಕಳ ಹೆಸರಲ್ಲಿ ಖಾತೆ ತೆರೆಸಬೇಡಿ. ಗೂಗಲ್ ಖಾತೆ ತಾನೇ ನೋಡಿಕೊಳ್ಳೋಕೆ ನಮ್ಮಲ್ಲಿ 13 ತುಂಬಿರಬೇಕು, ಆರು, ಏಳನೇ ತರಗತಿಯ ಹೆಚ್ಚಿನವರಿಗೆ ತುಂಬಿರಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಮಗು ಅಂದರೆ 18 ತುಂಬದವರು. ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಜನ್ಮದಿನ ಸುಳ್ಳು ಹಾಕಿ ಖಾತೆ ತೆರೆಸುವುದಂತೂ ಬೇಡವೇ ಬೇಡ, ನಾವೇ ಸುಳ್ಳು ಕಲಿಸಿದ ಹಾಗೆ. ಫೆಟ್, ಕಿವಿಕ್ಸ್, ಗಣಿತದ ಜಿಯೋಜೀಬ್ರಾ ಇವೆಲ್ಲ ಲಾಗಿನ್ ಇಲ್ಲದೆ ನಡೆಯುತ್ತವೆ.

ಇನ್ನು ನಮ್ಮ ಕಡೆ ನೋಡಿಕೊಳ್ಳೋಣ. ಟ್ಯಾಬ್ ಹಿಡಿದ ಮಕ್ಕಳ ಫೋಟೊ ಅದೇ ಸಂಜೆ ನಮ್ಮ ಸ್ಟೇಟಸ್‌ನಲ್ಲಿ ಇರುತ್ತೆ, ಶಾಲೆ ಹೆಸರಿನ ಸಮೇತ. ಮಗುವನ್ನು ಕೇಳಿದೆವಾ? ಆನ್‌ಲೈನ್ ಮೋಸದ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. ಇವೆರಡನ್ನೂ ಟ್ಯಾಬ್‌ಗಳ ಬೆನ್ನಿಗೆ ಅಂಟಿಸಿಡಿ.

ಬಯಲುಸೀಮೆ ಮೇಡಂ:
ಎಲ್ಲರಿಗೂ ಧನ್ಯವಾದ. ಫೋಟೊ ಮಾತು ನನಗೂ ತಾಗಿತು. ಜೂನ್‌ನಿಂದ ನಮ್ಮೂರ ಕೆರೆಯನ್ನೇ ಹಿಡಿಯುತ್ತೇನೆ. ಮನೆಯಲ್ಲಿ ಅಜ್ಜ, ಅಜ್ಜಿಯನ್ನು ಕೇಳಿ ಬರುವುದು, ಕೆರೆ ಏರಿಯ ಮೇಲೆ ನಡೆದು ಉದ್ದ ಅಳೆಯುವುದು, ಅದನ್ನು ಉಪಗ್ರಹ ನಕ್ಷೆಯ ಅಳತೆಯ ಜೊತೆ ಹೋಲಿಸುವುದು, ಎಐ ಉತ್ತರ ತಿದ್ದುವುದು, ಕೊನೆಗೆ ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡುವುದು. ಗಣಿತ, ವಿಜ್ಞಾನ, ಸಮಾಜ, ಕನ್ನಡ ನಾಲ್ಕೂ ಬರುತ್ತೆ. ಉಳಿದ ಮೇಷ್ಟ್ರುಗಳ ಹತ್ತಿರ ವಾರಕ್ಕೊಂದು ಪೀರಿಯಡ್ ಕೇಳೋಕೆ ದಾರಿ ಸಿಕ್ಕಿತು. ಅಂಕ ಕೊಡಬೇಕಾ ಬೇಡವಾ ಅನ್ನುವುದೊಂದು ಉಳಿದಿದೆ.

ಸೀಮೆಸುಣ್ಣ:
ಎಫ್‌ಎ ಚಟುವಟಿಕೆಗೆ ಸೇರಿಸಿ. ಆದರೆ ಪ್ರಶ್ನೆಪತ್ರಿಕೆ ಬೇಡ. ಮಗುವಿನ ಕೈಗೆ ಟ್ಯಾಬ್ ಕೊಟ್ಟು 'ನಿನ್ನ ಕಳೆದ ವಾರದ ಚಿತ್ರ ತೆಗೆದು ತೋರಿಸು, ಈ ಮಾತು ನಿಜವಾ ಅಂತ ಹುಡುಕು' ಅನ್ನಿ. ಮೂರು ನಿಮಿಷದಲ್ಲಿ ಗೊತ್ತಾಗುತ್ತೆ.

ಧಾರವಾಡದ ಅಕ್ಕೋರು:
ಅಂಕ ಬೇಡ ಅಂತ ನನ್ನ ಮತ. ಅಂಕ ಅಂದಕೂಡಲೇ ಜಾಣ ಹುಡುಗ ಟ್ಯಾಬ್ ಕಸಿದುಕೊಳ್ಳುತ್ತಾನೆ. ಜೋಡಿಗೆ ಕೊಡುವುದಾದರೆ ಕೊಡಿ, ಅದೂ ಇಬ್ಬರಲ್ಲಿ ಹಿಂದಿದ್ದವರು ಮಾಡಿ ತೋರಿಸಿದಾಗ.

ಲೈಬ್ರರಿ ಅಕ್ಕ:
ಮೇಡಂ, ನಿಮ್ಮ ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿದ್ದೀರಾ? ಈಗ 'ಅರಿವು ಕೇಂದ್ರ' ಅನ್ನುತ್ತಾರೆ. ಅನೇಕ ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮಲ್ಲಿ ದೊಡ್ಡ ಕೀಲಿಮಣೆ ಇರುವ ಕಂಪ್ಯೂಟರ್ ಮಧ್ಯಾಹ್ನ ಸುಮ್ನೆ ಕೂತಿರುತ್ತೆ. ಕೆರೆಯ ಪುಟ ಟೈಪ್ ಮಾಡೋಕೆ ಟ್ಯಾಬ್‌ಗಿಂತ ಅದೇ ಸರಿ.

ಬಯಲುಸೀಮೆ ಮೇಡಂ:
ಅಕ್ಕಾ, ಇದು ಹೊಳೆದೇ ಇರಲಿಲ್ಲ! ನಮ್ಮಲ್ಲಿ ಲೈಬ್ರರಿ ಶಾಲೆಯ ಹಿಂದಿನ ರಸ್ತೆಯಲ್ಲೇ ಇದೆ. ಶನಿವಾರ ಬೆಳಗ್ಗಿನ ಶಾಲೆ ಮುಗಿದ ಮೇಲೆ ಎಂಟೆಂಟು ಮಕ್ಕಳನ್ನು ಕಳಿಸಿದರೆ ಆಗುತ್ತಾ? ಪಂಚಾಯಿತಿಯವರಿಗೆ ಪತ್ರ ಬೇಕಾ?

ಲೈಬ್ರರಿ ಅಕ್ಕ:
ಮುಖ್ಯ ಶಿಕ್ಷಕರ ಸಹಿ ಹಾಕಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ ಒಂದು ಪತ್ರ ಕೊಡಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬೇಗ ಆಗುತ್ತೆ. ಎಂಟು ಜಾಸ್ತಿ ಆಯಿತು. ಒಂದೋ ಎರಡೋ ಕಂಪ್ಯೂಟರ್ ಇರುತ್ತೆ, ನಾಲ್ಕು ಜನ ಸಾಕು. ಉಳಿದ ನಾಲ್ವರು ಪುಸ್ತಕ ಓದಲಿ, ಆಮೇಲೆ ಬದಲಿ. ಹೋಗುವ ಮೊದಲು ಅಲ್ಲಿನ ಕಂಪ್ಯೂಟರ್‌ನಲ್ಲಿ ನುಡಿ ಇದೆಯಾ ಅಂತ ಒಮ್ಮೆ ನೋಡಿಕೊಂಡು ಬನ್ನಿ.